ಮಾತ್ರೆ ನುಂಗಿದ ಮೇಲೆ ಏಳು ದಿನ, ಆಮೇಲೆ ಕಾಂಡೋಮ್

ಉರಿಮೂತ್ರ, ಕೀವು, ಗುಪ್ತಾಂಗದ ಹುಣ್ಣು ಎಂದು ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ಗೆ (ಲೈಂಗಿಕ ರೋಗಗಳ ಚಿಕಿತ್ಸೆಯ ಜಾಗ) ಹೋದವರಿಗೆ ಮಾತ್ರೆಯ ಜೊತೆ ನಿರೋಧ್ ಪೊಟ್ಟಣವೂ ಪುಕ್ಕಟೆ ಸಿಗುತ್ತದೆ. ತಿಂಗಳೊಳಗೆ ಅದೇ ತೊಂದರೆ ಮರಳಿದರೆ ಔಷಧವನ್ನು ಬೈಯುವ ಮೊದಲು ಎರಡು ನೋಡಿಕೊಳ್ಳಿ: ದಿನ ಎಣಿಸಿದ್ದು ಹೇಗೆ, ಕಾಂಡೋಮ್ ಹಾಕಿದ್ದು ಹೇಗೆ.

ಮೊದಲು ದಿನದ ಲೆಕ್ಕ. ಸಂಭೋಗದಿಂದ ಹರಡುವ ಗೊನೊರಿಯಾ, ಕ್ಲಮೈಡಿಯಾ ಸೋಂಕಿಗೆ ಒಂದೇ ಡೋಸ್ ಕೊಟ್ಟಿದ್ದರೆ ಅಲ್ಲಿಂದ 7 ದಿನ ಸಂಭೋಗ ಬೇಡ, ಕಾಂಡೋಮ್ ಹಾಕಿಕೊಂಡೂ ಬೇಡ. ವಾರದ ಕೋರ್ಸ್ ಆದರೆ ಕೊನೆಯ ಮಾತ್ರೆಯವರೆಗೆ. ಎರಡನೇ ದಿನಕ್ಕೇ ಉರಿ ಇಳಿಯುವುದರಿಂದ ಜನ ಅಲ್ಲೇ ಎಡವುತ್ತಾರೆ. ಎಣಿಕೆ ಇಬ್ಬರಲ್ಲಿ ತಡವಾಗಿ ನುಂಗಿದವರಿಂದ ಶುರು: ಗಂಡ ಸೋಮವಾರ, ಹೆಂಡತಿ ಶುಕ್ರವಾರ ನುಂಗಿದರೆ ಮುಂದಿನ ಶುಕ್ರವಾರ ದಾಟಬೇಕು. ‘ಅವಳಿಗೆ ಏನೂ ಆಗಿಲ್ಲ’ ಎಂಬ ಮಾತು ನಡೆಯುವುದಿಲ್ಲ. ಹೆಂಗಸರಲ್ಲಿ ಕ್ಲಮೈಡಿಯಾ ಹೆಚ್ಚಾಗಿ ಸದ್ದಿಲ್ಲದೇ ಕೂತಿರುತ್ತದೆ. ತನ್ನ ಮಾತ್ರೆಯಲ್ಲೇ ಪಾಲು ಕೊಟ್ಟರೆ ಇಬ್ಬರದೂ ಅರ್ಧ ಚಿಕಿತ್ಸೆ. ಸಿಫಿಲಿಸ್, ಹರ್ಪಿಸ್ ಹುಣ್ಣಿದ್ದರೆ ಅದು ಪೂರ್ತಿ ಮಾಯಬೇಕು. ವೃಷಣದ ಮೇಲೆ, ತೊಡೆಸಂದಿನಲ್ಲಿ ಇರುವ ಹುಣ್ಣನ್ನು ಕಾಂಡೋಮ್ ಮುಚ್ಚುವುದಿಲ್ಲ.

ಇನ್ನು ಕಾಂಡೋಮ್ ಇಡುವ ಜಾಗ. ಪರ್ಸು, ಬೈಕಿನ ಡಿಕ್ಕಿ, ಬೋಟಿನ ಎಂಜಿನ್ ಪಕ್ಕ, ಮೂರೂ ಕೆಟ್ಟವು. ಸೆಕೆಗೆ ಕಾಂಡೋಮಿನ ರಬ್ಬರು, ಅಂದರೆ ಲ್ಯಾಟೆಕ್ಸ್, ಒಣಗಿ ಹರಿಯುತ್ತದೆ. ಕಾರವಾರದ ಬೈತಖೋಲ್ ಬಂದರಿನಿಂದ ವಾರಗಟ್ಟಲೆ ಕಡಲಿಗೆ ಹೋಗುವವರು ಮಾತ್ರೆ, ಕಾಂಡೋಮ್ ಎರಡನ್ನೂ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬಟ್ಟೆಯ ನಡುವೆ ಇಡಲಿ. ‘ಹೆಚ್ಚು ಹೊತ್ತು’ ಎಂದು ಬರೆದ ಪೊಟ್ಟಣ ಬಿಡಿ: ಅದರಲ್ಲಿ ಹೆಚ್ಚಾಗಿ ಮರಗಟ್ಟಿಸುವ ಬೆಂಜೋಕೇನ್ ಇರುತ್ತದೆ, ಚರ್ಮ ಕಿತ್ತರೂ ಗೊತ್ತಾಗದು. ಚುಕ್ಕೆ, ಗೆರೆ, ಪರಿಮಳ ಏನೂ ಬೇಡ, ಸಾದಾ ನಿರೋಧ್ ಸಾಕು.

ಹಾಕುವ ಮುಂಚೆ ದಿನಾಂಕ ನೋಡಿ, ಪೊಟ್ಟಣ ಒತ್ತಿ. ಒಳಗೆ ಗಾಳಿ ಮೆತ್ತಗೆ ಸಿಕ್ಕರೆ ಸರಿ, ಚಪ್ಪಟೆಯಾಗಿದ್ದರೆ ಎಲ್ಲೋ ತೂತಿದೆ. ಕಾಂಡೋಮನ್ನು ಒಂದು ಬದಿಗೆ ಸರಿಸಿ, ಇನ್ನೊಂದು ಬದಿಯಿಂದ ಬೆರಳಲ್ಲಿ ಹರಿಯಿರಿ, ಹಲ್ಲಲ್ಲಿ ಅಲ್ಲ.

ಕಷ್ಟವೆಲ್ಲ ಮುಂದಿನ ಅರ್ಧ ನಿಮಿಷದ್ದು. ಉಂಗುರದ ಸುರುಳಿ ಹೊರಗೆ ಕಾಣಬೇಕು. ತಿರುವು ಮುರುವಾದರೆ ಅದು ಬಿಚ್ಚಿಕೊಳ್ಳುವುದೇ ಇಲ್ಲ. ಆಗ ತಿರುಗಿಸಿ ಹಾಕುವವರೇ ಜಾಸ್ತಿ. ತುದಿಗೆ ಆಗಲೇ ಶಿಶ್ನದ ಅಂಟು ತಾಗಿರುತ್ತದೆ, ತಿರುಗಿಸಿದರೆ ಸೋಂಕು ಇರುವ ಮೈ ಹೊರಗೆ ಬಂತು. ಅದನ್ನು ಎಸೆದು ಹೊಸದು ತೆಗೆಯಿರಿ. ಮುಂದೊಗಲು ಇದ್ದರೆ ಹಿಂದೆ ಸರಿಸಿ, ತುದಿಯ ಒಂದು ಸೆಂಟಿಮೀಟರ್ ಚಿವುಟಿ ಹಿಡಿದು ಗಾಳಿ ಬಿಟ್ಟು, ಬುಡದವರೆಗೂ ಇಳಿಸಿ. ಚಿವುಟದಿದ್ದರೆ ಗಾಳಿ ತುಂಬಿ ಒಡೆಯಬಹುದು. ಭದ್ರವೆಂದು ಎರಡು ಹಾಕಿದರೆ ಒಂದಕ್ಕೊಂದು ಉಜ್ಜಿ ಎರಡೂ ಹರಿಯುವ ಅಪಾಯವಿದೆ.

ಒಣಗಿತೆಂದು ನಮ್ಮ ಕರಾವಳಿಯಲ್ಲಿ ಕೈ ಹೋಗುವುದು ತೆಂಗಿನೆಣ್ಣೆಗೆ. ಎಣ್ಣೆ, ವ್ಯಾಸಲೀನ್ ತಾಗಿದ ಲ್ಯಾಟೆಕ್ಸ್ ನಿಮಿಷಗಳಲ್ಲೇ ಬಲ ಕಳೆದುಕೊಳ್ಳುತ್ತದೆ. ನೀರಿನ ಆಧಾರದ ಜೆಲ್ ಮೆಡಿಕಲ್‌ನಲ್ಲಿ ಕೇಳಿ. ಬಿಳಿ ಸ್ರಾವಕ್ಕೆ ಒಳಗಿಡುವ ಕೆಲವು ಕ್ರೀಮು, ಮಾತ್ರೆಗಳಲ್ಲೂ ಎಣ್ಣೆಯಂಶ ಇರುತ್ತದೆ, ಅವು ನಡೆದಿರುವಾಗ ಕಾಂಡೋಮನ್ನು ನಂಬಬೇಡಿ.

ಮುಗಿದ ಕೂಡಲೇ, ಗಟ್ಟಿ ಇರುವಾಗಲೇ, ಬುಡದ ಉಂಗುರ ಹಿಡಿದು ಹೊರತೆಗೆಯಿರಿ. ಗಂಟು ಕಟ್ಟಿ, ಕಾಗದದಲ್ಲಿ ಸುತ್ತಿ ಕಸಕ್ಕೆ, ಕಮೋಡಿಗೆ ಅಲ್ಲ. ಒಡೆದಿತ್ತೆಂದು ಕಂಡರೆ ಎಚ್‌ಐವಿ ತಡೆಯುವ ಔಷಧ ಬೇಕೇ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಲು 72 ಗಂಟೆ ಮಾತ್ರ ಸಮಯ, ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು. ಊರಿನವರ ಕಣ್ಣಿಗೆ ಬೀಳುವ ಅಂಜಿಕೆ ಇದ್ದರೆ ಮೊದಲು ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಹೆಸರು ಹೇಳಬೇಕಿಲ್ಲ.