ಪಿಂಚಣಿ ಯೋಜನೆ ಆರಿಸುವ ಮುನ್ನ ದುಡ್ಡು ಬರುವ ಕಾಲ ನೋಡಿ

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಕಡೆ, ಮಂಜೇಶ್ವರದಿಂದ ಮುಳ್ಳೇರಿಯದವರೆಗೆ, ಎಷ್ಟೋ ಮನೆಗಳಲ್ಲಿ ತಿಂಗಳ ಸಂಬಳ ಎಂಬುದೇ ಇಲ್ಲ. ಅಡಿಕೆ ಮಾರಿದಾಗ, ಬೀಡಿಯ ಮಜೂರಿ ಸಿಕ್ಕಾಗ, ಗಲ್ಫಿನಿಂದ ಮಗ ಕಳುಹಿಸಿದಾಗ ಕೈಯಲ್ಲಿ ಹಣ. ಹೀಗಿರುವವರು ಪಿಂಚಣಿ ಎಷ್ಟು ಸಿಗುತ್ತದೆ ಎಂದು ಕೇಳುವುದಕ್ಕೆ ಮೊದಲು, ಕಂತು ಕಟ್ಟುವ ದಿನ ಖಾತೆಯಲ್ಲಿ ದುಡ್ಡಿರುತ್ತದೆಯೇ ಎಂದು ಯೋಚಿಸಬೇಕು. ಅರ್ಧದಲ್ಲಿ ನಿಂತ ಯೋಜನೆಯಿಂದ ಯಾರಿಗೂ ಮುಪ್ಪಿನಲ್ಲಿ ಆಸರೆ ಸಿಗುವುದಿಲ್ಲ.

ಮೊದಲು ವಯಸ್ಸು ನೋಡಿ. 40 ದಾಟದವರಿಗೆ ಕೇಂದ್ರ ಸರ್ಕಾರದ ಅಟಲ್ ಪಿಂಚಣಿ ಯೋಜನೆ ಇದೆ. ಆದಾಯ ತೆರಿಗೆ ಕಟ್ಟುವವರು 2022ರ ಅಕ್ಟೋಬರ್‌ನಿಂದ ಇದಕ್ಕೆ ಸೇರುವಂತಿಲ್ಲ. 60 ತುಂಬಿದ ಮೇಲೆ ತಿಂಗಳಿಗೆ 1,000ದಿಂದ 5,000 ರೂಪಾಯಿವರೆಗೆ ಖಾತರಿ ಪಿಂಚಣಿ ಬರುತ್ತದೆ. 5,000 ಬೇಕೆಂದರೆ 18ರಲ್ಲಿ ಸೇರಿದವರು ತಿಂಗಳಿಗೆ 210, 30ರಲ್ಲಿ ಸೇರಿದವರು 577, 40ರಲ್ಲಿ ಸೇರಿದವರು 1,454 ರೂಪಾಯಿ ಕಟ್ಟಬೇಕು. ತಡಮಾಡಿದ್ದಕ್ಕೆ ತೆರುವ ಬೆಲೆ ಎಷ್ಟೆಂದು ಈ ಮೂರು ಅಂಕಿಗಳೇ ಹೇಳುತ್ತವೆ. ಮೂರು ಅಥವಾ ಆರು ತಿಂಗಳಿಗೊಮ್ಮೆ ಕಟ್ಟುವ ಅನುಕೂಲವೂ ಇದೆ. ತೋಟದವರು ಬ್ಯಾಂಕಿನಲ್ಲಿ ಅದನ್ನೇ ಕೇಳಿ ಪಡೆಯಲಿ.

ಆದರೆ ಖಾತರಿ ಎಂದು ಅಲ್ಲಿಗೇ ನಿಲ್ಲಬೇಡಿ. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರುತ್ತಾ ಹೋದರೆ, 30 ವರ್ಷಗಳ ನಂತರದ 5,000 ರೂಪಾಯಿಗೆ ಇಂದಿನ ಸುಮಾರು 870 ರೂಪಾಯಿಯ ಬೆಲೆ. ಅದು ಔಷಧಿಯ ಖರ್ಚಿಗೂ ಸಾಲದು. ಅಟಲ್ ಯೋಜನೆ ಬುನಾದಿ ಮಾತ್ರ ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದಾಗಿ, ನಿಮ್ಮ ಕೆಲಸಕ್ಕೆಂದೇ ಇರುವ ಯೋಜನೆಯನ್ನು ವಿಚಾರಿಸಿ. ಎರಡು ಹೆಕ್ಟೇರ್ ಒಳಗಿನ ಭೂಮಿಯುಳ್ಳ, 40 ದಾಟದ ಕೃಷಿಕರಿಗೆ ಕಿಸಾನ್ ಮಾನ್‌ಧನ್ ಇದೆ. ತಿಂಗಳಿಗೆ 15,000 ರೂಪಾಯಿಗಿಂತ ಹೆಚ್ಚು ಆದಾಯವಿಲ್ಲದ ಅಸಂಘಟಿತ ಕಾರ್ಮಿಕರಿಗೆ ಶ್ರಮಯೋಗಿ ಮಾನ್‌ಧನ್ ಇದೆ. ಎರಡರಲ್ಲೂ ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಿದರೆ ಕೇಂದ್ರ ಸರ್ಕಾರ ಅಷ್ಟೇ ಮೊತ್ತ ಸೇರಿಸುತ್ತದೆ. 60ರ ನಂತರ ತಿಂಗಳಿಗೆ 3,000 ಪಿಂಚಣಿ. ಬೀಡಿ ಕಟ್ಟುವವರು ಒಂದು ವಿಷಯ ಗಮನಿಸಲಿ: ಕಂಪೆನಿಯಿಂದ ಪಿಎಫ್ ಇದ್ದರೆ ಶ್ರಮಯೋಗಿ ಯೋಜನೆಗೆ ಅರ್ಹತೆ ಇಲ್ಲ. ಹೊರದೇಶದಲ್ಲಿ ದುಡಿಯುವವರು 60 ತುಂಬುವ ಮುನ್ನ ಕೇರಳದ ಅನಿವಾಸಿಗಳ ಕ್ಷೇಮನಿಧಿ ಮಂಡಳಿಯ ಸದಸ್ಯತ್ವ ಪಡೆಯಬಹುದು.

ಮೂರನೆಯದು, 40 ದಾಟಿದವರಿಗೂ ತೆರೆದಿರುವ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್. 2009ರಿಂದ ಇದು ಎಲ್ಲ ನಾಗರಿಕರಿಗೂ ಮುಕ್ತ. ಗಲ್ಫಿನಲ್ಲಿರುವ ಭಾರತೀಯರೂ ಸೇರಬಹುದು. ವರ್ಷಕ್ಕೆ ಕನಿಷ್ಠ 1,000 ರೂಪಾಯಿ ಹಾಕಿದರೆ ಖಾತೆ ಜೀವಂತವಾಗಿರುತ್ತದೆ. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಹೆಚ್ಚು, ಕೊಳೆರೋಗ ಬಂದ ವರ್ಷ ಕಡಿಮೆ ಹಾಕಬಹುದು. ನಮ್ಮ ಊರಿನ ಆದಾಯಕ್ಕೆ ಇಷ್ಟು ಹೊಂದುವ ಯೋಜನೆ ಇನ್ನೊಂದು ನನಗೆ ಕಂಡಿಲ್ಲ. ಹಣದ ಒಂದು ಭಾಗ ಶೇರು ಪೇಟೆಗೆ ಹೋಗುತ್ತದೆ, ಖಾತರಿ ಇಲ್ಲ. ನಿವೃತ್ತಿಗೆ ನಾಲ್ಕೈದು ವರ್ಷ ಮಾತ್ರ ಉಳಿದವರು ಶೇರಿನ ಪಾಲು ಕಡಿಮೆ ಇಡುವುದು ಕ್ಷೇಮ.

ಈಗಾಗಲೇ 60 ತುಂಬಿದ್ದರೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ನೋಡಿ. 30 ಲಕ್ಷದವರೆಗೆ ಇಡಬಹುದು, ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ.

ಅರ್ಜಿ ತುಂಬುವಾಗ ಅವಸರ ಬೇಡ. ಆಧಾರಿನಲ್ಲಿ ಮನೆತನದ ಹೆಸರು ಪೂರ್ತಿ, ಪಾಸ್‌ಬುಕ್ಕಿನಲ್ಲಿ ಬರೀ ಇನಿಷಿಯಲ್, ಪಡಿತರ ಚೀಟಿಯಲ್ಲಿ ಇನ್ನೊಂದು ಬಗೆ: ಇದು ನಮ್ಮಲ್ಲಿ ಸಾಮಾನ್ಯ. ಮೊದಲು ಅದನ್ನು ಸರಿಪಡಿಸಿ. ಅರ್ಜಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದು ಅರ್ಥವಾಗದಿದ್ದರೆ, ಅಕ್ಷಯ ಕೇಂದ್ರದವರು (ಸರ್ಕಾರಿ ಸೇವೆಗಳಿಗೆ ಅರ್ಜಿ ತುಂಬಿಕೊಡುವವರು) ತೋರಿಸಿದಲ್ಲಿ ಸಹಿ ಹಾಕಿ ಬರಬೇಡಿ. ಓದಿ ಹೇಳಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ. ನಾಮಿನಿಯ ಹೆಸರು ಬರೆದದ್ದನ್ನು ಕಣ್ಣಾರೆ ನೋಡಿ.

ಕೊನೆಯ ಹೆಜ್ಜೆ ಎನ್‌ಪಿಎಸ್‌ನಿಂದ ಹೊರಬರುವಾಗಿನದು. ದೊಡ್ಡ ಮೊತ್ತ ಕೂಡಿದ್ದರೆ ಅದರ ಒಂದು ಭಾಗದಿಂದ ವಿಮಾ ಕಂಪೆನಿಯ ಆನ್ಯುಟಿ, ಅಂದರೆ ಜೀವನಪೂರ್ತಿ ಪಿಂಚಣಿ, ಕೊಳ್ಳಲೇಬೇಕು. ಹಿಂದೆ ಅದು ಶೇಕಡಾ 40 ಇತ್ತು. 2025ರ ಡಿಸೆಂಬರ್ ತಿದ್ದುಪಡಿಯ ನಂತರ ಸರ್ಕಾರಿ ನೌಕರರಲ್ಲದವರಿಗೆ ಶೇಕಡಾ 20. ಒಬ್ಬರಿಗೆ ಮಾತ್ರ ಬರುವ ಆನ್ಯುಟಿಯಲ್ಲಿ ಮೊತ್ತ ತುಸು ಹೆಚ್ಚು ಕಾಣುತ್ತದೆ, ಆದರೆ ಗಂಡ ತೀರಿಕೊಂಡರೆ ಹೆಂಡತಿಗೆ ಪಿಂಚಣಿ ಇಲ್ಲ. ಇಬ್ಬರ ಜೀವಿತಕ್ಕೂ ಬರುವುದನ್ನು ಆರಿಸುವುದೇ ಸರಿ. ಆ ಕಾಗದಕ್ಕೆ ಸಹಿ ಹಾಕುವ ದಿನ ಹೆಂಡತಿಯೂ ಪಕ್ಕದಲ್ಲಿರಲಿ.