1811ರ ಸ್ಪೇನ್ ಚಿನ್ನದ ನಾಣ್ಯವನ್ನು ಓದುವ ಮತ್ತು ಪರೀಕ್ಷಿಸುವ ಕ್ರಮ

1811ರ ಸ್ಪೇನ್ ದೇಶದ 80 ರಿಯಾಲ್ ಮೌಲ್ಯದ ಚಿನ್ನದ ನಾಣ್ಯ ಕೈಗೆ ಬಂದರೆ, ಮೊದಲು ಅದನ್ನು ಅಂಚಿನಲ್ಲಿ ಹಿಡಿದು ಓರೆಬೆಳಕಿನಲ್ಲಿ ಹೆಸರನ್ನು ಓದಬೇಕು. ‘ಯೋಸೆಫ್ ನಾಪ್’ ಎಂದು ಲ್ಯಾಟಿನ್ನಿನಲ್ಲಿ ಬರೆಸಿಕೊಂಡಿರುವವನು ನೆಪೋಲಿಯನ್ನನ ಅಣ್ಣ ಜೋಸೆಫ್. 1808ರ ಮೇ ತಿಂಗಳಲ್ಲಿ ಬಯೋನ್ ಪಟ್ಟಣದಲ್ಲಿ ನಾಲ್ಕನೇ ಕಾರ್ಲೋಸ್ ಮತ್ತು ಅವನ ಮಗ ಏಳನೇ ಫೆರ್ನಾಂಡೊ ಇಬ್ಬರಿಂದಲೂ ಸಿಂಹಾಸನವನ್ನು ಬಿಡಿಸಿದ ನೆಪೋಲಿಯನ್, ಅದರ ಮೇಲೆ ಈ ಅಣ್ಣನನ್ನು ಕೂರಿಸಿದನು.

ಬಳಿಕ ಭೂತಗನ್ನಡಿಯಿಂದ ರಾಜಲಾಂಛನದ ನಡುಭಾಗವನ್ನು ನೋಡಿರಿ. ಸುತ್ತಲಿನ ಕೋಟೆ, ಸಿಂಹಗಳು ಸ್ಪೇನಿನ ಹಳೆಯ ಗುರುತುಗಳೇ. ಆದರೆ ಕಾರ್ಲೋಸ್, ಫೆರ್ನಾಂಡೊ ಇಬ್ಬರ ಬೋರ್ಬನ್ ವಂಶದ ಮೂರು ಲಿಲ್ಲಿ ಹೂಗಳಿರುತ್ತಿದ್ದ ಜಾಗದಲ್ಲಿ ಈಗ ನೆಪೋಲಿಯನ್ನನ ಗುರುತಾದ ಒಂದು ಪುಟ್ಟ ಹದ್ದು ಕುಳಿತಿದೆ. ಇಡೀ ಆಕ್ರಮಣವನ್ನು ಇಷ್ಟು ಚಿಕ್ಕ ಜಾಗದಲ್ಲಿ ಹೇಳುವ ಇನ್ನೊಂದು ದಾಖಲೆಯನ್ನು ನಾನು ಕಂಡಿಲ್ಲ.

ಮೂರನೆಯದಾಗಿ ಟಂಕಸಾಲೆಯ ಗುರುತನ್ನು ಹುಡುಕಬೇಕು. ಕಿರೀಟ ಹೊತ್ತ ‘ಎಂ’ ಅಕ್ಷರವೆಂದರೆ ಫ್ರೆಂಚರ ವಶದಲ್ಲಿದ್ದ ಮ್ಯಾಡ್ರಿಡ್. ಅದೇ 1811ರಲ್ಲಿ, ಹಿಂದಿನ ವರ್ಷದ ಫೆಬ್ರವರಿಯಿಂದ ಫ್ರೆಂಚರ ಮುತ್ತಿಗೆಯಲ್ಲಿದ್ದ ಕಾಡಿಸ್ ನಗರವು ಕಿರೀಟ ಹೊತ್ತ ‘ಸಿ’ ಅಕ್ಷರದೊಡನೆ, ಫ್ರಾನ್ಸಿನಲ್ಲಿ ಸೆರೆಯಲ್ಲಿದ್ದ ಫೆರ್ನಾಂಡೊನ ಹೆಸರಿನಲ್ಲಿ, 2 ಎಸ್ಕುಡೊ (ಸ್ಪೇನಿನ ಹಳೆಯ ಚಿನ್ನದ ನಾಣ್ಯಮಾನ) ನಾಣ್ಯವನ್ನು ಟಂಕಿಸುತ್ತಿತ್ತು. ಎರಡರ ತೂಕವೂ ಸುಮಾರು 6.77 ಗ್ರಾಂ, ಎರಡೂ 21 ಕ್ಯಾರೆಟ್ ಚಿನ್ನ. ರಾಜರು ಮಾತ್ರ ಬೇರೆ.

ಅಸಲಿಯೋ ನಕಲಿಯೋ ಎಂಬುದನ್ನು ತಿಳಿಯಲು ತೂಕವೊಂದೇ ಸಾಲದು. 19ನೇ ಶತಮಾನದಲ್ಲಿ ಪ್ಲಾಟಿನಂ ಚಿನ್ನಕ್ಕಿಂತ ಅಗ್ಗವಾಗಿದ್ದುದರಿಂದ, ಅದಕ್ಕೆ ಚಿನ್ನದ ಲೇಪ ಕೊಟ್ಟು ಸ್ಪೇನಿನ ನಾಣ್ಯಗಳ ನಕಲುಗಳನ್ನು ತಯಾರಿಸುತ್ತಿದ್ದರು. ಇದಕ್ಕೆ ನೀರಿನ ಪರೀಕ್ಷೆಯೇ ತಕ್ಕದ್ದು. 0.01 ಗ್ರಾಂವರೆಗೆ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟವನ್ನಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ತೆಳುವಾದ ದಾರಕ್ಕೆ ಕಟ್ಟಿದ ನಾಣ್ಯವನ್ನು ತಳಕ್ಕಾಗಲಿ ಬದಿಗಾಗಲಿ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕವನ್ನು. ಸುಮಾರು 0.40 ಗ್ರಾಂ ತೋರಿಸಿದರೆ ಅದು 21 ಕ್ಯಾರೆಟ್ ಚಿನ್ನಕ್ಕೆ ಹೊಂದುತ್ತದೆ. ಅಷ್ಟೇ ತೂಕದ ಪ್ಲಾಟಿನಂ ಆಗಿದ್ದರೆ 0.32ರ ಆಸುಪಾಸು, ಲೇಪವಿರುವ ಬೆಳ್ಳಿಯಾದರೆ 0.64ರ ಆಸುಪಾಸು ಬರುತ್ತದೆ. ನಾಣ್ಯಕ್ಕೆ ಅಂಟಿದ ಗುಳ್ಳೆಗಳು ಅಂಕಿಯನ್ನು ಕೆಡಿಸುತ್ತವೆ, ಆದ್ದರಿಂದ ಮೆಲ್ಲಗೆ ಅಲುಗಿಸಿ ಅವನ್ನು ಬಿಡಿಸಬೇಕು. ಈಗಿನ ಕಾಲದಲ್ಲಿ ಸರಿಯಾದ ಚಿನ್ನದಲ್ಲೇ ಎರಕ ಹೊಯ್ದ ನಕಲು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಅಂಥದ್ದನ್ನು ಮಸುಕಾದ ಅಕ್ಷರಗಳಿಂದಲೂ ಮೇಲ್ಮೈಯ ಸಣ್ಣ ಕುಳಿಗಳಿಂದಲೂ ಗುರುತಿಸಬೇಕಾಗುತ್ತದೆ.

ದಯವಿಟ್ಟು ನಾಣ್ಯವನ್ನು ಒರೆಗಲ್ಲಿಗೆ ಉಜ್ಜಬೇಡಿ, ಹುಣಸೆಹಣ್ಣು ಹಚ್ಚಿ ತಿಕ್ಕಲೂಬೇಡಿ. ಪರೀಕ್ಷೆ ಮುಗಿದ ಮೇಲೆ ಮೆತ್ತನೆಯ ಬಟ್ಟೆಯಿಂದ ಒತ್ತಿ ನೀರನ್ನು ಹೀರಿಸಿದರೆ ಸಾಕು.