ಮನೆಗೊಂದೇ ಫೋನ್ ಇದ್ದಾಗ ಎಸ್ಸೆಸ್ಸೆಲ್ಸಿ ಓದು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಕಡೆ ಎಷ್ಟೋ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಒಂದೇ. ಹಗಲೆಲ್ಲ ಅದು ಅಪ್ಪನ ಜೊತೆ ಹೊಲದಲ್ಲಿರುತ್ತದೆ, ಮಕ್ಕಳ ಕೈಗೆ ಬರುವುದು ರಾತ್ರಿ ಊಟ ಮುಗಿದ ಮೇಲೆ. ಅಷ್ಟೊತ್ತಿಗೆ ಡೇಟಾ ಖಾಲಿ, ಇಲ್ಲವೇ ವಿಡಿಯೊ ಸುತ್ತುತ್ತಲೇ ಇರುತ್ತದೆ. ಆದ್ದರಿಂದ ಪಾಠ ಇಳಿಸಿಕೊಳ್ಳುವ ಹೊತ್ತು ಬೇರೆ, ಓದುವ ಹೊತ್ತು ಬೇರೆ ಮಾಡಿಕೊಳ್ಳಿ.

ಇಳಿಸಲು ಮುಂಜಾನೆ ಒಳ್ಳೆಯದು. ದಿನದ ಲೆಕ್ಕದ ಪ್ಯಾಕ್ ನಡುರಾತ್ರಿಗೆ ಹೊಸದಾಗಿರುತ್ತದೆ, ಟವರ್ ಮೇಲೆ ಹೊರೆಯೂ ಕಡಿಮೆ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಊರಿನ ಗ್ರಂಥಾಲಯದಲ್ಲಿ) ವೈಫೈ ಇದ್ದರೆ ವಾರದ ಪಾಠವನ್ನೆಲ್ಲ ಅಲ್ಲೇ ಇಳಿಸಿಕೊಂಡು ಬನ್ನಿ.

ಶಾಲಾ ಪಾಠಗಳಿರುವ ಸರ್ಕಾರದ ದೀಕ್ಷಾ ಆ್ಯಪ್ ಮೊದಲ ಸಲ ತೆರೆದಾಗ ಬೋರ್ಡ್, ಮಾಧ್ಯಮ, ತರಗತಿ ಕೇಳುತ್ತದೆ. ಬೋರ್ಡ್ ಕರ್ನಾಟಕದ್ದೇ ಇರಲಿ; ಅವಸರದಲ್ಲಿ ಸಿಬಿಎಸ್‌ಇ ಒತ್ತಿದರೆ ಬೇರೆ ಪುಸ್ತಕದ ಪಾಠ ಬರುತ್ತದೆ. ಬೆಳಗಾವಿ ಗಡಿಯ ಮರಾಠಿ ಶಾಲೆಯ ಮಕ್ಕಳು ಮಾಧ್ಯಮವನ್ನು ಮರಾಠಿ ಎಂದೇ ಆರಿಸಬೇಕು. ಪಠ್ಯಪುಸ್ತಕದಲ್ಲಿ ಅಚ್ಚಾಗಿರುವ ಕ್ಯೂಆರ್ ಕೋಡನ್ನು ದೀಕ್ಷಾದೊಳಗಿನ ಸ್ಕ್ಯಾನರ್‌ನಿಂದಲೇ ಸ್ಕ್ಯಾನ್ ಮಾಡಿ. ಹಣ ಕಳಿಸುವ ಆ್ಯಪ್‌ನಿಂದ ಮಾಡಿದರೆ ಪಾಠ ತೆರೆಯುವುದಿಲ್ಲ, ‘ಕೋಡ್ ಕೆಟ್ಟಿದೆ’ ಎಂದು ಬಿಟ್ಟುಬಿಡುವವರು ಹೆಚ್ಚಾಗಿ ಎಡವುವುದು ಇಲ್ಲೇ. ಹಾಳೆ ಹರಿದಿದ್ದರೆ ಕೋಡಿನ ಕೆಳಗಿರುವ 6 ಅಕ್ಷರ-ಅಂಕಿಗಳನ್ನು ಟೈಪ್ ಮಾಡಿದರೂ ಸಾಕು. ಪಾಠ ಬಂದಮೇಲೆ ಡೌನ್‌ಲೋಡ್ ಒತ್ತಿ, ಇಳಿದ ಮೇಲೆ ಡೇಟಾ ಆಫ್ ಮಾಡಿ, ಒಮ್ಮೆ ತೆರೆದು ನೋಡಿ. ಆ್ಯಪ್ ತೆಗೆದುಹಾಕಿದರೆ ಇಳಿಸಿದ್ದೆಲ್ಲ ಹೋಗುತ್ತದೆ.

ಯೂಟ್ಯೂಬ್ ಪಾಠಕ್ಕೆ ವಿಡಿಯೊ ಗುಣಮಟ್ಟ 360ಪಿ ಸಾಕು. 10 ನಿಮಿಷಕ್ಕೆ ಸುಮಾರು 40–50 ಎಂಬಿ ಆಗುತ್ತದೆ. 144ಪಿಗೆ ಇಳಿಸಬೇಡಿ, ಬೋರ್ಡಿನ ಮೇಲಿನ ಘಾತಾಂಕ, ಪಾದಾಂಕಗಳು ಮಸುಕಾಗಿ ಲೆಕ್ಕವೇ ತಪ್ಪಾಗಿ ಕಾಣುತ್ತದೆ. ಫೋನಿನಲ್ಲಿ 2 ಜಿಬಿಯಾದರೂ ಖಾಲಿ ಇರಲಿ. ಜಾಗ ತಿನ್ನುವುದು ಬಹುಪಾಲು ವಾಟ್ಸ್‌ಆ್ಯಪ್ ಗ್ರೂಪಿನ ಶುಭೋದಯದ ಚಿತ್ರಗಳು. ಸೆಟ್ಟಿಂಗ್ಸ್‌ನಲ್ಲಿ ಮೀಡಿಯಾ ತಾನಾಗಿ ಇಳಿಯುವುದನ್ನು ನಿಲ್ಲಿಸಿ.

ಮಾರ್ಚ್ ಬಿಸಿಲಲ್ಲಿ ತಗಡಿನ ಮನೆಯೊಳಗೆ ಚಾರ್ಜ್ ಹಾಕಿಕೊಂಡು ವಿಡಿಯೊ ನೋಡಿದರೆ ಫೋನ್ ಕಾದು ಪರದೆ ಮಂಕಾಗುತ್ತದೆ, ಚಾರ್ಜ್ ಏರುವುದೂ ನಿಲ್ಲುತ್ತದೆ. ಕೌದಿಯ ಮೇಲೆ ಇಡಬೇಡಿ, ಬರಿ ನೆಲದ ಮೇಲಿಡಿ. ಫ್ರಿಜ್‌ನಲ್ಲಂತೂ ಇಡಲೇಬೇಡಿ, ಒಳಗೆ ತೇವ ಕಟ್ಟುತ್ತದೆ.

ಓದಲು ಕೂತಾಗ ಡೇಟಾ ಮಾತ್ರ ಆಫ್ ಮಾಡಿ. ಏರ್‌ಪ್ಲೇನ್ ಮೋಡ್ ಬೇಡ, ಕಬ್ಬು ಕಡಿಯುವ ಗ್ಯಾಂಗಿನವರ ಕರೆ ಬರುವುದಿರುತ್ತದೆ. 5 ನಿಮಿಷ ನೋಡಿ, ನಿಲ್ಲಿಸಿ, ಫೋನ್ ಬೋರಲು ಹಾಕಿ, ನೋಡಿದ್ದನ್ನು ನೋಟ್‌ಬುಕ್‌ನಲ್ಲಿ ನೆನಪಿನಿಂದ ಬರೆಯಿರಿ. ಬರೆಯಲು ಬಾರದ ಭಾಗವನ್ನಷ್ಟೇ ಮತ್ತೆ ನೋಡಿ. ಸುಮ್ಮನೆ ನೋಡುತ್ತ ಹೋದರೆ ಎಲ್ಲ ತಿಳಿದಂತೆ ಅನಿಸುತ್ತದೆ, ಪ್ರಶ್ನೆಪತ್ರಿಕೆ ಎದುರು ಏನೂ ಹೊಳೆಯುವುದಿಲ್ಲ.

ನೆನಪಿಡಬೇಕಾದ ಇಸವಿ, ಹೆಸರು, ಸೂತ್ರಗಳಿಗೆ ಆಂಕಿಡ್ರಾಯ್ಡ್ ಬಳಸಿ; ಇದು ಪ್ರಶ್ನೆ-ಉತ್ತರದ ಕಾರ್ಡುಗಳನ್ನು ಮರಳಿ ಮರಳಿ ತೋರಿಸಿ ನೆನಪು ಗಟ್ಟಿ ಮಾಡುವ ಆ್ಯಪ್. ಆಂಡ್ರಾಯ್ಡ್‌ನಲ್ಲಿ ಉಚಿತ, ನೆಟ್ ಇಲ್ಲದೆಯೂ ನಡೆಯುತ್ತದೆ. ಕಾರ್ಡನ್ನು ಮಕ್ಕಳೇ ಬರೆಯಬೇಕು, ಒಂದು ಕಾರ್ಡಿಗೆ ಒಂದೇ ಉತ್ತರ. ‘ಐಹೊಳೆ ಶಾಸನದ ಬಗ್ಗೆ ಬರೆ’ ಎಂಬ ಕಾರ್ಡ್ ಕೆಲಸಕ್ಕೆ ಬಾರದು. ಉತ್ತರ ಅರ್ಧ ನೆನಪಾದರೆ ಸರಿಯೋ ತಪ್ಪೋ ಎಂದು ತೀರ್ಮಾನಿಸಲಾಗುವುದಿಲ್ಲ. ಅದನ್ನೇ ಮೂರಾಗಿ ಒಡೆಯಿರಿ: ಬರೆದ ಕವಿ ಯಾರು? – ರವಿಕೀರ್ತಿ; ಯಾವ ಅರಸನ ಕುರಿತು? – ಇಮ್ಮಡಿ ಪುಲಿಕೇಶಿ; ಯಾವ ವರ್ಷ? – ಕ್ರಿ.ಶ. 634.

ದಿನಕ್ಕೆ 20 ಹೊಸ ಕಾರ್ಡ್ ಎಂದು ಆ್ಯಪ್ ತಾನೇ ಇಟ್ಟಿರುತ್ತದೆ. ಡೆಕ್ (ಕಾರ್ಡುಗಳ ಕಟ್ಟು) ಆಯ್ಕೆಗಳಿಗೆ ಹೋಗಿ ಅದನ್ನು 6ಕ್ಕೆ ಇಳಿಸಿ, ಇಲ್ಲವಾದರೆ ಹಳೆಯವು ಮರಳಿ ಬಂದು ಕೆಲವೇ ವಾರದಲ್ಲಿ ದಿನಕ್ಕೆ ನೂರು ದಾಟುತ್ತವೆ. ಉತ್ತರ ಹೊಳೆಯದಿದ್ದರೆ ‘ಮತ್ತೆ’ ಎಂಬ ಅರ್ಥದ ಗುಂಡಿಯನ್ನೇ ಒತ್ತಬೇಕು. ಜಾತ್ರೆಗೋ ಮದುವೆಗೋ ಹೋಗಿ ನಾಲ್ಕು ದಿನ ತಪ್ಪಿದರೆ, ಬಾಕಿ ತೀರುವವರೆಗೆ ಹೊಸ ಕಾರ್ಡ್ ಸಂಖ್ಯೆ 0 ಇಡಿ.